ಆನ್‌ಸೈಟ್ ಹೊರಟವರು ಯಾವ ದೇಶದ ಕಾನೂನಿಗೆ ಸೇರುತ್ತಾರೆ?

"18 ತಿಂಗಳು, ಸ್ಟುಟ್‌ಗಾರ್ಟ್." ಕೆಲಸಕ್ಕೆ ಜರ್ಮನಿಗೆ ಹೊರಡಿ, ಅಂದರೆ 'ಆನ್‌ಸೈಟ್' ಹೋಗಿ ಅನ್ನುವ ಇಂಥದ್ದೊಂದು ಮೇಲ್ ಬೆಂಗಳೂರಿನ ಕಚೇರಿಗಳಲ್ಲಿ ಬಂದ ದಿನ ಮನೆಯಲ್ಲಿ ನಡೆಯುವ ಮಾತು ಹೆಚ್ಚೂ ಕಡಿಮೆ ಒಂದೇ. ಚಳಿ ಎಷ್ಟಿರುತ್ತೆ, ಮಕ್ಕಳ ಶಾಲೆ ಏನು ಮಾಡೋದು, ತಿಂಗಳಿಗೆ ಎಷ್ಟು ಯೂರೋ ಉಳಿಯುತ್ತೆ. ಪಿಎಫ್ ಏನಾಗುತ್ತೆ, ತೆರಿಗೆ ಎಲ್ಲಿ ಕಟ್ಟಬೇಕು, ಅಲ್ಲಿ ರಜೆ ಕೊಡದಿದ್ದರೆ ಯಾರನ್ನು ಕೇಳಬೇಕು ಅನ್ನುವ ಪ್ರಶ್ನೆಗಳು ಏಳುವ ಹೊತ್ತಿಗೆ ವಿಮಾನ ಹತ್ತಿ ಆಗಿರುತ್ತದೆ.

2025ರಲ್ಲಿ ಈ ವಿಷಯ ದಿನಪತ್ರಿಕೆಯ ಮುಖಪುಟಕ್ಕೂ ಬಂತು. ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ತಾತ್ಕಾಲಿಕವಾಗಿ ಅಲ್ಲಿಗೆ ಹೋಗುವ ನೌಕರರು ಎರಡೂ ದೇಶಗಳಲ್ಲಿ ಸಾಮಾಜಿಕ ಭದ್ರತೆಯ ವಂತಿಗೆ (ಪಿಂಚಣಿ, ವಿಮೆಗೆಂದು ಸಂಬಳದಿಂದ ಹೋಗುವ ಹಣ) ಕಟ್ಟುವುದನ್ನು ತಪ್ಪಿಸುವ ಮಾತು ಅದರ ಜೊತೆಗೇ ಬಂತು. ಸೆಪ್ಟೆಂಬರ್‌ನಲ್ಲಿ ಅಮೆರಿಕ ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ಘೋಷಿಸಿತು. ಹೊರದೇಶಕ್ಕೆ ಹೋಗಲು ಬೇರೆ ದಾರಿ ಯಾವುದು, ಅದರ ನಿಯಮ ಏನು ಅಂತ ಜನ ಹುಡುಕತೊಡಗಿದರು.

ಎಲ್ಲವನ್ನೂ ಹೇಳಹೊರಟರೆ ದೊಡ್ಡ ಪುಸ್ತಕವಾದೀತು. ಇಲ್ಲಿ ಮುಖ್ಯವಾಗಿ ಭಾರತದಿಂದ ಜರ್ಮನಿಗೆ ಹೋಗುವವರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಮೆರಿಕ ಬೇಕಾದಲ್ಲಿ ಬಂದು ಹೋಗುತ್ತದೆ.

ಡೆಪ್ಯುಟೇಷನ್ ಅಂದರೆ ಯಾವುದು, ಯಾವುದು ಅಲ್ಲ

ನಿಮ್ಮ ಮಾಲೀಕ ಬದಲಾಗಿಲ್ಲ. ಆಫರ್ ಲೆಟರ್ ಕೊಟ್ಟ ಬೆಂಗಳೂರಿನ ಕಂಪನಿಯೇ ನಿಮ್ಮನ್ನು ಒಂದು ಗೊತ್ತಾದ ಅವಧಿಗೆ ಬೇರೆ ದೇಶಕ್ಕೆ ಕೆಲಸಕ್ಕೆ ಕಳಿಸಿದೆ. ಕೆಲಸ ಮುಗಿದ ಮೇಲೆ ವಾಪಸ್ ಬರುತ್ತೀರಿ. ಇದು ಡೆಪ್ಯುಟೇಷನ್. ಯುರೋಪಿನ ಕಾನೂನಿನಲ್ಲಿ ಇಂಥವರನ್ನು 'ಪೋಸ್ಟೆಡ್ ವರ್ಕರ್' ಅನ್ನುತ್ತಾರೆ.

ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಜರ್ಮನಿಯ ಕಂಪನಿಯ ಜೊತೆ ಹೊಸ ಕರಾರು ಮಾಡಿಕೊಂಡರೆ ಅದು ಡೆಪ್ಯುಟೇಷನ್ ಅಲ್ಲ. ಎರಡೂ ಕಂಪನಿಗಳು ಒಂದೇ ಗುಂಪಿನವಾದರೂ ಅಷ್ಟೇ. ಆಗ ನೀವು ಪೂರ್ತಿ ಅಲ್ಲಿನ ನೌಕರ. ಮಂಗಳೂರು, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗುವ ಹೆಚ್ಚಿನವರೂ ಈ ಲೆಕ್ಕಕ್ಕೆ ಬರುವುದಿಲ್ಲ. ಅವರನ್ನು ಅಲ್ಲಿನ ಮಾಲೀಕ ನೇರವಾಗಿ ನೇಮಿಸಿಕೊಂಡಿರುತ್ತಾನೆ. ಅವರಿಗೆ 1983ರ ವಲಸೆ ಕಾಯ್ದೆ, ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಣಿ ಇತ್ಯಾದಿ ಬೇರೆಯದೇ ವ್ಯವಸ್ಥೆ ಇದೆ.

ಹಾಗಾಗಿ ಮೊದಲು ನೋಡಬೇಕಾದ್ದು ಕೈಯಲ್ಲಿರುವ ಪತ್ರವನ್ನು. ಸಹಿ ಯಾವ ಕಂಪನಿಯದು? 'ಮುಗಿಯುವ ದಿನಾಂಕ' ಅಂತ ಒಂದು ಇದೆಯೇ? ಹಳೆಯ ಕರಾರು ಮುಂದುವರಿಯುತ್ತದೆ ಅಂತ ಬರೆದಿದೆಯೇ? ಮುಂದಿನ ಎಲ್ಲ ಉತ್ತರಗಳೂ ಇವುಗಳ ಮೇಲೆ ನಿಂತಿವೆ.

ಒಬ್ಬ ನೌಕರ, ಎರಡು ದೇಶದ ಕಾನೂನು

ಕೆಎ ನಂಬರ್ ಪ್ಲೇಟಿನ ಕಾರನ್ನು ಪುಣೆಗೆ ಒಯ್ದಿದ್ದೀರಿ ಅಂದುಕೊಳ್ಳಿ. ಆರ್‌ಸಿ ಕರ್ನಾಟಕದ್ದು, ಇನ್ಶೂರೆನ್ಸ್ ಇಲ್ಲಿ ಮಾಡಿಸಿದ್ದು. ಆದರೆ ಸಿಗ್ನಲ್ ಜಂಪ್ ಮಾಡಿದರೆ ದಂಡ ಹಾಕುವವರು ಪುಣೆ ಪೊಲೀಸರು. "ನಂದು ಕರ್ನಾಟಕದ ಗಾಡಿ" ಅಂದರೆ ನಡೆಯುವುದಿಲ್ಲ. ಇನ್ನು 12 ತಿಂಗಳಿಗಿಂತ ಜಾಸ್ತಿ ಅಲ್ಲೇ ಇಟ್ಟುಕೊಂಡರೆ, ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ನಂಬರ್‌ಗೆ ಅರ್ಜಿ ಹಾಕಬೇಕು.

ಡೆಪ್ಯುಟೇಷನ್ ಮೇಲೆ ಹೋದ ನೌಕರನದೂ ಇದೇ ಸ್ಥಿತಿ. ಕರಾರು ಊರಿನದು, ದಿನದಿನದ ಕೆಲಸದ ನಿಯಮ ಹೋದ ಜಾಗದ್ದು. ಬಹಳ ದಿನ ಅಲ್ಲೇ ನಿಂತರೆ ಆ ಜಾಗದ ಕಾನೂನೇ ಹೆಚ್ಚು ಹೆಚ್ಚು ಆವರಿಸಿಕೊಳ್ಳುತ್ತದೆ. ಯುರೋಪಿನಲ್ಲಿ ಈ ಗೆರೆ ಇರುವುದೂ 12 ತಿಂಗಳಿಗೇ!

ಕರಾರಿನ ಬಗ್ಗೆ ಯುರೋಪಿನ ನ್ಯಾಯಾಲಯಗಳು ನೋಡುವುದು 2008ರ ರೋಮ್-1 ನಿಯಮವನ್ನು, ಅಂದರೆ ಯಾವ ಕರಾರಿಗೆ ಯಾವ ದೇಶದ ಕಾನೂನು ಅಂತ ಹೇಳುವ ಯುರೋಪಿಯನ್ ಒಕ್ಕೂಟದ ನಿಯಮವನ್ನು. ತಾತ್ಕಾಲಿಕವಾಗಿ ಬೇರೆ ದೇಶದಲ್ಲಿ ಕೆಲಸ ಮಾಡಿದ ಮಾತ್ರಕ್ಕೆ ನೌಕರನ 'ಮಾಮೂಲಿ ಕೆಲಸದ ದೇಶ' ಬದಲಾಗುವುದಿಲ್ಲ ಅಂತ ಅದು ಹೇಳುತ್ತದೆ. ಹಾಗಾಗಿ ನೋಟಿಸ್ ಅವಧಿ, ಗ್ರಾಚ್ಯುಟಿ, ಬಡ್ತಿ ಇವೆಲ್ಲ ಸಾಮಾನ್ಯವಾಗಿ ಭಾರತದ ಕರಾರಿನ ಪ್ರಕಾರವೇ ನಡೆಯುತ್ತವೆ.

ಗೊಂದಲ ಶುರುವಾಗುವುದು ಇಲ್ಲಿಂದ ಮುಂದೆ. ಸಂಬಳಕ್ಕೆ ಒಂದು ಗಡುವು, ಪಿಎಫ್‌ಗೆ ಇನ್ನೊಂದು, ತೆರಿಗೆಗೆ ಮತ್ತೊಂದು, ವೀಸಾಕ್ಕೆ ಬೇರೆಯೇ. ಒಂದರಲ್ಲಿ ನೀವು ಇನ್ನೂ 'ಭಾರತದವರು' ಆಗಿರುವಾಗಲೇ ಇನ್ನೊಂದರಲ್ಲಿ 'ಜರ್ಮನಿಯವರು' ಆಗಿಬಿಟ್ಟಿರಬಹುದು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಗಂಟೆಗೆ 1.21 ಡಾಲರ್

2013ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಎಲೆಕ್ಟ್ರಾನಿಕ್ಸ್ ಫಾರ್ ಇಮೇಜಿಂಗ್ ಎಂಬ ಕಂಪನಿ ತನ್ನ ಬೆಂಗಳೂರು ಕಚೇರಿಯಿಂದ ಎಂಟು ನೌಕರರನ್ನು ಕರೆಸಿಕೊಂಡಿತು. ಮುಖ್ಯ ಕಚೇರಿ ಹೊಸ ಜಾಗಕ್ಕೆ ಹೋಗುತ್ತಿತ್ತು. ಕಂಪ್ಯೂಟರ್ ಜೋಡಿಸುವ ಕೆಲಸ. ಕೆಲವು ವಾರ 122 ಗಂಟೆವರೆಗೂ ದುಡಿದರು. ಸಂಬಳ ಮಾತ್ರ ಬೆಂಗಳೂರಿನದೇ, ರೂಪಾಯಿಯಲ್ಲೇ. ಲೆಕ್ಕ ಹಾಕಿದರೆ ಗಂಟೆಗೆ 1.21 ಡಾಲರ್. ಆಗ ಕ್ಯಾಲಿಫೋರ್ನಿಯಾದ ಕನಿಷ್ಠ ವೇತನ ಗಂಟೆಗೆ 8 ಡಾಲರ್ ಇತ್ತು.

ಅಮೆರಿಕದ ಕಾರ್ಮಿಕ ಇಲಾಖೆ ತನಿಖೆ ಮಾಡಿತು. ಕಂಪನಿ 40,000 ಡಾಲರ್‌ಗೂ ಹೆಚ್ಚು ಬಾಕಿ ಸಂಬಳ ಕೊಡಬೇಕಾಯಿತು. ಇಲಾಖೆ ಹಾಕಿದ ದಂಡ ಬರೀ 3,500 ಡಾಲರ್. ಹೊರದೇಶದ ನೌಕರರಿಗೂ ಅಮೆರಿಕದ ದರದಲ್ಲಿ ಕೊಡಬೇಕು ಅನ್ನುವ ಕಾನೂನು ಗಮನಕ್ಕೆ ಬಂದಿರಲಿಲ್ಲ ಅನ್ನುವುದು ಕಂಪನಿಯ ವಿವರಣೆ.

ಇಲ್ಲಿರುವ ನಿಯಮ ಸರಳ. ಕೆಲಸ ಯಾವ ನೆಲದಲ್ಲಿ ನಡೆಯುತ್ತದೋ ಆ ನೆಲದ ಕನಿಷ್ಠ ವೇತನ ಸಿಗಬೇಕು. ಸಂಬಳ ಯಾವ ದೇಶದ ಬ್ಯಾಂಕಿಗೆ ಬೀಳುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಜರ್ಮನಿಯಲ್ಲಿ ಇದನ್ನು ಲೆಕ್ಕ ಹಾಕಿ ನೋಡೋಣ. ಅಲ್ಲಿ 2026ರ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ವಾರಕ್ಕೆ 40 ಗಂಟೆ ಅಂದರೆ ತಿಂಗಳಿಗೆ ಸುಮಾರು 2,400 ಯೂರೋ. ಈಗ ಬೆಂಗಳೂರಿನಲ್ಲಿ ವರ್ಷಕ್ಕೆ 15 ಲಕ್ಷ ಸಂಬಳದ ಒಬ್ಬ ಎಂಜಿನಿಯರ್ ತೆಗೆದುಕೊಳ್ಳಿ. ತಿಂಗಳಿಗೆ 1.25 ಲಕ್ಷ. ಯೂರೋಗೆ ಸುಮಾರು 100 ರೂಪಾಯಿ ಅಂತ ಹಿಡಿದರೆ 1,250 ಯೂರೋ. ಇಲ್ಲಿ ಒಳ್ಳೆಯ ಸಂಬಳ ಅನ್ನಿಸಿಕೊಂಡಿದ್ದು ಅಲ್ಲಿ ಹೋಟೆಲ್‌ನಲ್ಲಿ ಪಾತ್ರೆ ತೊಳೆಯುವವರಿಗೆ ಕೊಡಬೇಕಾದ ಕನಿಷ್ಠಕ್ಕಿಂತಲೂ ಕಡಿಮೆ. ವೀಸಾ ನಿಯಮವಂತೂ ಇನ್ನೂ ಮೇಲಿನದನ್ನು ಕೇಳುತ್ತದೆ. ಅದೇ ಕೆಲಸ ಮಾಡುವ ಜರ್ಮನ್ ನೌಕರನಿಗೆ ಸಿಗುವಷ್ಟು ಸಂಬಳ ಇರಬೇಕು.

ಯುರೋಪಿನ ನಿಯಮ ಬಿಗಿಯಾದದ್ದು ಹೇಗೆ

ಯುರೋಪಿಯನ್ ಒಕ್ಕೂಟ 1996ರಲ್ಲೇ ಪೋಸ್ಟೆಡ್ ನೌಕರರಿಗಾಗಿ ಒಂದು ನಿರ್ದೇಶನ, ಅಂದರೆ ಸದಸ್ಯ ದೇಶಗಳು ಪಾಲಿಸಲೇಬೇಕಾದ ನಿಯಮ, ತಂದಿತ್ತು. ಹೋದ ದೇಶದ ಕನಿಷ್ಠ ವೇತನ, ಕೆಲಸದ ಗಂಟೆ, ರಜೆ, ಸುರಕ್ಷತೆ ಇಷ್ಟನ್ನಾದರೂ ಕೊಡಲೇಬೇಕು ಅಂತ. ಆದರೆ 'ಕನಿಷ್ಠ' ಅನ್ನುವಲ್ಲೇ ಜಗಳ ಹತ್ತಿತು. 2004ರಲ್ಲಿ ಲಾವಲ್ ಎಂಬ ಲಾಟ್ವಿಯಾದ ಕಟ್ಟಡ ಕಂಪನಿ ಸ್ವೀಡನ್ನಿನ ವಾಕ್ಸ್‌ಹೋಮ್‌ನಲ್ಲಿ ಶಾಲೆ ಕಟ್ಟಲು ತನ್ನ ಕೆಲಸಗಾರರನ್ನು ಕಳಿಸಿತು. ಸ್ವೀಡನ್ನಿನ ಕಾರ್ಮಿಕ ಸಂಘಟನೆಗಳು ನಮ್ಮ ದರ ಕೊಡಿ ಅಂತ ಪಟ್ಟು ಹಿಡಿದು ಕೆಲಸದ ಜಾಗಕ್ಕೇ ತಡೆ ಹಾಕಿದವು. ಪ್ರಕರಣ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 2007ರಲ್ಲಿ ತೀರ್ಪು ಬಂದದ್ದು ಕಂಪನಿಯ ಪರವಾಗಿ. ನಿರ್ದೇಶನ ಹೇಳಿದ ಕನಿಷ್ಠಕ್ಕಿಂತ ಹೆಚ್ಚನ್ನು ಹೀಗೆ ಒತ್ತಾಯಿಸಿ ಪಡೆಯುವಂತಿಲ್ಲ ಅಂತ.

ಆ ತೀರ್ಪಿನ ಬಿಸಿ ವರ್ಷಗಟ್ಟಲೆ ಆರಲಿಲ್ಲ. ಕೊನೆಗೆ 2018ರಲ್ಲಿ ನಿರ್ದೇಶನವನ್ನು ತಿದ್ದಿದರು. 2020ರ ಜುಲೈ 30ರಿಂದ ಅದು ಜಾರಿಯಲ್ಲಿದೆ. ಈಗ ಕನಿಷ್ಠ ವೇತನ ಮಾತ್ರ ಕೊಟ್ಟರೆ ಸಾಲದು. ಆ ದೇಶದಲ್ಲಿ ಕಡ್ಡಾಯವಾಗಿರುವ ಭತ್ಯೆ, ಓವರ್‌ಟೈಮ್, ಬೋನಸ್ ಎಲ್ಲ ಸೇರಿದ ಸಂಬಳ ಕೊಡಬೇಕು. ಪೋಸ್ಟಿಂಗ್ 12 ತಿಂಗಳು ದಾಟಿದರೆ ಆ ದೇಶದ ಕಡ್ಡಾಯ ಕಾರ್ಮಿಕ ನಿಯಮಗಳು ಬಹುತೇಕ ಎಲ್ಲವೂ ಅನ್ವಯ. ಕಾರಣ ಕೊಟ್ಟು ಕೇಳಿಕೊಂಡರೆ ಈ ಗಡುವು 18 ತಿಂಗಳವರೆಗೆ ಹೋಗುತ್ತದೆ. ಕರಾರು ಮಾಡಿಕೊಳ್ಳುವ ಮತ್ತು ಮುಗಿಸುವ ನಿಯಮಗಳು, ಕಂಪನಿಯ ಹೆಚ್ಚುವರಿ ಪಿಂಚಣಿ ಮಾತ್ರ ಹೊರಗೆ ಉಳಿಯುತ್ತವೆ.

ಇದು ಯುರೋಪಿನೊಳಗಿನ ಕಂಪನಿಗಳ ವಿಷಯ, ನಮಗೇನು ಅನ್ನಬಹುದು. ಹಾಗಲ್ಲ. ಒಕ್ಕೂಟದ ಹೊರಗಿನ ಕಂಪನಿಗೆ ಒಳಗಿನವರಿಗಿಂತ ಸಡಿಲ ಕೊಡಬಾರದು ಅಂತ ನಿರ್ದೇಶನದಲ್ಲೇ ಇದೆ. ಜರ್ಮನಿಯ ಕಾನೂನು ವಿದೇಶಿ ಮಾಲೀಕರೆಲ್ಲರಿಗೂ ಅನ್ವಯಿಸುತ್ತದೆ, ಬೆಂಗಳೂರಿನವರೂ ಸೇರಿ. ಹಾಗಾಗಿ ದಿನಕ್ಕೆ 8 ಗಂಟೆ ಕೆಲಸ. 10 ಗಂಟೆಗೆ ಏರಿಸಬಹುದು, ಆದರೆ ಆರು ತಿಂಗಳಲ್ಲಿ ಸರಾಸರಿ 8ಕ್ಕೇ ಬಂದು ನಿಲ್ಲಬೇಕು. ಎರಡು ದಿನದ ಕೆಲಸದ ನಡುವೆ 11 ಗಂಟೆ ಬಿಡುವು. ವಾರಕ್ಕೆ ಐದು ದಿನ ಕೆಲಸವಾದರೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ರಜೆ. ಹಗಲಿಡೀ ಜರ್ಮನಿಯ ಗ್ರಾಹಕನ ಜೊತೆ ಕೆಲಸ ಮಾಡಿ, ಬೆಳಗಿನ ಜಾವ ಬೆಂಗಳೂರು ತಂಡದ ಕಾಲ್‌ಗೂ ಕೂರುವವರು ಆ 11 ಗಂಟೆಯ ನಿಯಮವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಪರ್ ಡೀಮ್ ಸಂಬಳವೇ?

ಭಾರತದ ಸಂಬಳ ಕಡಿಮೆ, ಅಲ್ಲಿನ ಕನಿಷ್ಠ ಹೆಚ್ಚು. ಈ ನಡುವಿನ ಅಂತರವನ್ನು ಕಂಪನಿಗಳು ತುಂಬುವುದು ದಿನಭತ್ಯೆಯಿಂದ. ಎಲ್ಲರೂ 'ಪರ್ ಡೀಮ್' ಅನ್ನುವುದು ಇದನ್ನೇ. ಆದರೆ ಇದು ಸಂಬಳದ ಲೆಕ್ಕಕ್ಕೆ ಬರುತ್ತದೆಯೇ?

ಯುರೋಪಿನ ನಿಯಮ ಹೀಗಿದೆ. ಪೋಸ್ಟಿಂಗ್‌ಗಾಗಿ ಕೊಡುವ ಭತ್ಯೆ ಸಂಬಳದ ಭಾಗ. ಆದರೆ ಪ್ರಯಾಣ, ಊಟ, ವಸತಿಗೆ ನಿಜವಾಗಿ ಆದ ಖರ್ಚನ್ನು ತುಂಬಿಕೊಡುವ ಹಣ ಸಂಬಳ ಅಲ್ಲ. ಯಾವುದು ಯಾವುದಕ್ಕೆ ಅಂತ ಪತ್ರದಲ್ಲಿ ಬಿಡಿಸಿ ಬರೆಯದಿದ್ದರೆ? ಆಗ ಪೂರ್ತಿ ಹಣವನ್ನು ಖರ್ಚಿನ ಮರುಪಾವತಿ ಅಂತಲೇ ಹಿಡಿಯಬೇಕು. ಅಂದರೆ ಅದನ್ನು ತೋರಿಸಿ "ನಾವು ಕನಿಷ್ಠ ಸಂಬಳ ಕೊಟ್ಟಿದ್ದೇವೆ" ಅನ್ನಲು ಕಂಪನಿಗೆ ಆಗುವುದಿಲ್ಲ. ಒಂದೇ ಸಾಲಿನಲ್ಲಿ 'ಭತ್ಯೆ ಇಷ್ಟು ಯೂರೋ' ಅಂತ ಇರುವ ಪತ್ರ ಬಂದರೆ, ಅದರೊಳಗೆ ಮನೆ ಬಾಡಿಗೆ ಎಷ್ಟು, ಸಂಬಳ ಎಷ್ಟು ಅಂತ ಎಚ್‌ಆರ್ ಅವರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಪಿಎಫ್: ಒಂದು ಕಾಗದದ ಬೆಲೆ

ಜನ ಅತಿ ಕಡಿಮೆ ಗಮನ ಕೊಡುವ ಭಾಗ ಇದು. ದುಡ್ಡು ಅತಿ ಹೆಚ್ಚು ಸೋರಿಹೋಗುವುದೂ ಇಲ್ಲೇ.

ಇಲ್ಲಿ ನಿಮ್ಮ ಮೂಲ ವೇತನದಿಂದ 12 ಪರ್ಸೆಂಟ್ ಪಿಎಫ್‌ಗೆ ಹೋಗುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ. ಜರ್ಮನಿಯಲ್ಲಿ ಪಿಂಚಣಿ ವಿಮೆಗೆ ಸಂಬಳದ 18.6 ಪರ್ಸೆಂಟ್, ಅರ್ಧ ನೌಕರನದು, ಅರ್ಧ ಮಾಲೀಕನದು. ಎರಡೂ ಕಡೆ ಕಟ್ಟುತ್ತಾ ಹೋದರೆ? ಎರಡು ವರ್ಷ ಕಟ್ಟಿದವನಿಗೆ ಜರ್ಮನಿಯ ಪಿಂಚಣಿಯೂ ಹುಟ್ಟುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಬೇಕು.

ಇದನ್ನು ತಪ್ಪಿಸಲೆಂದೇ ದೇಶಗಳು 'ಸಾಮಾಜಿಕ ಭದ್ರತಾ ಒಪ್ಪಂದ' ಮಾಡಿಕೊಳ್ಳುತ್ತವೆ. ಭಾರತದ ಮೊದಲ ಇಂಥ ಒಪ್ಪಂದ ಬೆಲ್ಜಿಯಂ ಜೊತೆಗಿನದು, 2009ರಲ್ಲಿ ಜಾರಿಗೆ ಬಂತು. ಆಮೇಲೆ ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್, ಸ್ವೀಡನ್, ದಕ್ಷಿಣ ಕೊರಿಯಾ, ಕೆನಡಾ, ಆಸ್ಟ್ರೇಲಿಯಾ, ಜಪಾನ್ ಹೀಗೆ ಪಟ್ಟಿ ಬೆಳೆದಿದೆ. ಒಪ್ಪಂದ ಇದ್ದರೆ, ಡೆಪ್ಯುಟೇಷನ್ ಮೇಲೆ ಹೋದವರು ಊರಿನ ಪಿಎಫ್ ಮಾತ್ರ ಕಟ್ಟಿದರೆ ಸಾಕು. ಜರ್ಮನಿಗೆ ಈ ವಿನಾಯಿತಿ 48 ತಿಂಗಳು. ಫ್ರಾನ್ಸ್, ಜಪಾನ್‌ಗೆ ಐದು ವರ್ಷ.

ಆದರೆ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಈ ವ್ಯಕ್ತಿ ಭಾರತದಲ್ಲಿ ಪಿಎಫ್ ಕಟ್ಟುತ್ತಿದ್ದಾನೆ ಅಂತ ಭವಿಷ್ಯ ನಿಧಿ ಸಂಸ್ಥೆ, ಅಂದರೆ ಇಪಿಎಫ್‌ಒ, ಒಂದು ಪ್ರಮಾಣಪತ್ರ ಕೊಡಬೇಕು. ಹೆಸರು 'ಸರ್ಟಿಫಿಕೇಟ್ ಆಫ್ ಕವರೇಜ್', ಕಚೇರಿ ಮಾತಿನಲ್ಲಿ ಸಿಒಸಿ. ಅರ್ಜಿ ಆನ್‌ಲೈನ್, ಮಾಲೀಕರ ಸಹಿಯೂ ಬೇಕು. ಪಿಎಫ್ ಸದಸ್ಯನೇ ಅಲ್ಲದವನಿಗೆ ಇದು ಸಿಗುವುದಿಲ್ಲ. ಸಂಬಳ ಜಾಸ್ತಿ ಇದೆ ಅಂತ ಪಿಎಫ್‌ನಿಂದ ಹೊರಗುಳಿದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಇನ್ನೂ ಎರಡು ಮಾತು. ಜರ್ಮನಿ ಜೊತೆಗಿನ ಒಪ್ಪಂದ ಮುಖ್ಯವಾಗಿ ಪಿಂಚಣಿಯದು. ಆರೋಗ್ಯ ವಿಮೆ ಅದರೊಳಗಿಲ್ಲ, ಅದನ್ನು ಬೇರೆಯಾಗಿ ಮಾಡಿಸಲೇಬೇಕು, ಇಲ್ಲದೆ ವೀಸಾನೇ ಆಗುವುದಿಲ್ಲ. ಎರಡನೆಯದು, ಡೆಪ್ಯುಟೇಷನ್ ಮುಗಿದು ಅಲ್ಲಿನ ಕಂಪನಿಗೇ ಸೇರಿಕೊಂಡರೆ ಜರ್ಮನಿಯ ವಂತಿಗೆ ಶುರುವಾಗುತ್ತದೆ. ಆಗ ಭಾರತದಲ್ಲಿ ಪಿಎಫ್ ಕಟ್ಟಿದ ಅವಧಿಯನ್ನೂ ಸೇರಿಸಿ ಅಲ್ಲಿನ ಐದು ವರ್ಷ ಲೆಕ್ಕ ಹಾಕಬಹುದು. ಒಪ್ಪಂದದ ಇನ್ನೊಂದು ಲಾಭ ಇದು. ಅಲ್ಲಿಗೆ ಹೋದ ತಕ್ಷಣ ಪಿಎಫ್ ಹಣ ಪೂರ್ತಿ ತೆಗೆದುಬಿಡುವ ಮುಂಚೆ ಇದನ್ನು ಯೋಚಿಸಬೇಕು.

ಅಮೆರಿಕದ ಜೊತೆ ಭಾರತಕ್ಕೆ ಇಂಥ ಒಪ್ಪಂದ ಇಲ್ಲ. ಅಲ್ಲಿ ಎಚ್-1ಬಿ ಅಥವಾ ಎಲ್-1 (ಕಂಪನಿಯೊಳಗಿನ ವರ್ಗಾವಣೆಯ ವೀಸಾ) ಮೇಲೆ ದುಡಿಯುವವರ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿಗೆ 6.2, ಮೆಡಿಕೇರ್‌ಗೆ 1.45 ಪರ್ಸೆಂಟ್ ಹೋಗುತ್ತದೆ. ಮಾಲೀಕನೂ ಅಷ್ಟೇ ಕಟ್ಟುತ್ತಾನೆ. ಪಿಂಚಣಿಯ ಹಕ್ಕು ಬರಲು 40 ಕ್ರೆಡಿಟ್ ಬೇಕು, ವರ್ಷಕ್ಕೆ ಸಿಗುವುದು ಹೆಚ್ಚೆಂದರೆ ನಾಲ್ಕು, ಅಂದರೆ ಹತ್ತು ವರ್ಷ. ಆದರೆ ಎಚ್-1ಬಿಯ ಮಾಮೂಲಿ ಮಿತಿ ಆರು ವರ್ಷ. ಎಲ್-1 ಐದರಿಂದ ಏಳು ವರ್ಷ. ಗ್ರೀನ್ ಕಾರ್ಡ್ ದಾರಿ ಹಿಡಿಯದೆ ವಾಪಸ್ ಬಂದವರು ಕಟ್ಟಿದ ಹಣ ಅಲ್ಲೇ ಉಳಿಯುತ್ತದೆ. ಭಾರತ ವರ್ಷಗಳಿಂದ ಈ ಒಪ್ಪಂದ ಕೇಳುತ್ತಲೇ ಇದೆ.

ಎದುರು ದಿಕ್ಕಿನಲ್ಲೂ ಒಂದು ಜಗಳ ನಡೆದಿದೆ. ಭಾರತಕ್ಕೆ ಕೆಲಸಕ್ಕೆ ಬರುವ, ಒಪ್ಪಂದವಿಲ್ಲದ ದೇಶದವರು ಪೂರ್ತಿ ಸಂಬಳದ ಮೇಲೆ ಪಿಎಫ್ ಕಟ್ಟಬೇಕು ಅಂತ 2008ರಲ್ಲಿ ನಿಯಮ ಬಂತು. ಭಾರತೀಯರಿಗಾದರೋ ಪಿಎಫ್ ಕಡ್ಡಾಯ ಇರುವುದು ತಿಂಗಳ ಸಂಬಳ 15,000 ರೂಪಾಯಿವರೆಗೆ. ಈ ತಾರತಮ್ಯ ಸಂವಿಧಾನಕ್ಕೆ ವಿರುದ್ಧ ಅಂತ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಆ ನಿಯಮವನ್ನು ರದ್ದು ಮಾಡಿತು. ದೆಹಲಿ ಹೈಕೋರ್ಟ್ 2025ರಲ್ಲಿ ಅದೇ ನಿಯಮವನ್ನು ಎತ್ತಿಹಿಡಿಯಿತು.

ತೆರಿಗೆ: 182 ಮತ್ತು 183

ಭಾರತದ ಆದಾಯ ತೆರಿಗೆಗೆ ಪಾಸ್‌ಪೋರ್ಟ್ ಮುಖ್ಯವಲ್ಲ, ನೀವು ಇಲ್ಲಿ ಎಷ್ಟು ದಿನ ಇದ್ದಿರಿ ಅನ್ನುವುದು ಮುಖ್ಯ. ಉದ್ಯೋಗಕ್ಕೆಂದು ಹೊರಟ ಭಾರತೀಯ ಆ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಅನಿವಾಸಿ. ಏಪ್ರಿಲ್‌ನಿಂದ ಎಣಿಸಿದರೆ, ಸೆಪ್ಟೆಂಬರ್ 28ರೊಳಗೆ ಹೊರಟು ಆ ವರ್ಷ ಮತ್ತೆ ಬರದವರು ಅನಿವಾಸಿ ಆಗುತ್ತಾರೆ. ನವೆಂಬರ್‌ನಲ್ಲಿ ಹೊರಟವರು ಆ ವರ್ಷದ ಮಟ್ಟಿಗೆ ನಿವಾಸಿಯೇ. ನಿವಾಸಿಯಾದರೆ ಜಗತ್ತಿನ ಯಾವ ಮೂಲೆಯ ಆದಾಯವನ್ನಾದರೂ ಇಲ್ಲಿ ತೋರಿಸಬೇಕು.

ಅತ್ತ ಜರ್ಮನಿ ಕೇಳುವುದು 183 ದಿನದ ಲೆಕ್ಕ. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ, ಅಲ್ಲಿ 183 ದಿನ ಮೀರದಿದ್ದರೆ ಸಂಬಳಕ್ಕೆ ಅಲ್ಲಿ ತೆರಿಗೆ ಇಲ್ಲ. ಇಷ್ಟನ್ನೇ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅದಕ್ಕೆ ಇನ್ನೂ ಎರಡು ಷರತ್ತು ಅಂಟಿಕೊಂಡಿವೆ. ಸಂಬಳ ಕೊಡುವ ಮಾಲೀಕ ಜರ್ಮನಿಯವನಾಗಿರಬಾರದು. ಸಂಬಳದ ಹೊರೆ ಜರ್ಮನಿಯಲ್ಲಿರುವ ಕಂಪನಿಯ ಶಾಖೆಯ ಮೇಲೂ ಬೀಳಬಾರದು. ಮೂರೂ ಒಟ್ಟಿಗೆ ಇರಬೇಕು. ಬೆಂಗಳೂರಿನ ಕಂಪನಿ ನಿಮಗೆ ಸಂಬಳ ಕೊಟ್ಟು, ಆ ಖರ್ಚನ್ನು ಜರ್ಮನಿಯ ಸೋದರ ಕಂಪನಿಯಿಂದ ವಸೂಲಿ ಮಾಡಿಕೊಂಡರೆ, ನಿಜವಾದ ಮಾಲೀಕರು ಅವರೇ ಅಂತ ಅಲ್ಲಿನ ಅಧಿಕಾರಿಗಳು ಹೇಳಬಹುದು. ಆಗ ಎರಡೇ ತಿಂಗಳು ಇದ್ದರೂ ತೆರಿಗೆ ಬರುತ್ತದೆ. ಈ ಒಳಲೆಕ್ಕ ನೌಕರನಿಗೆ ಕಾಣುವುದೇ ಇಲ್ಲ, ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಎರಡೂ ಕಡೆ ತೆರಿಗೆ ಬಿದ್ದ ವರ್ಷ ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಬಹುದು. ಅದಕ್ಕೆ ನಿಗದಿತ ಫಾರಂ ತುಂಬಬೇಕು, ಅಲ್ಲಿ ತೆರಿಗೆ ಕಟ್ಟಿದ ಪುರಾವೆ ಬೇಕು. ಇಲ್ಲಿನ ಪೇಸ್ಲಿಪ್‌ನಲ್ಲಿ ಟಿಡಿಎಸ್ ಹಿಡಿಯುವುದು ನಿಂತಿದೆಯೇ, ಮುಂದುವರಿದಿದೆಯೇ ಅಂತ ಮೊದಲ ತಿಂಗಳೇ ನೋಡಿಕೊಳ್ಳಿ.

ವೀಸಾ ಮತ್ತು ಬಾಂಡ್

ಒಂದೇ ಗುಂಪಿನ ಕಂಪನಿಯೊಳಗೆ ಹೋಗುವವರಿಗೆ ಜರ್ಮನಿಯಲ್ಲಿ 'ಐಸಿಟಿ ಕಾರ್ಡ್' ಎಂಬ ವಾಸದ ಪರವಾನಗಿ ಇದೆ. ಹೊರಡುವ ಮುಂಚೆ ಆ ಗುಂಪಿನಲ್ಲಿ ಕನಿಷ್ಠ ಆರು ತಿಂಗಳು ಬಿಡದೆ ಕೆಲಸ ಮಾಡಿರಬೇಕು. ಮ್ಯಾನೇಜರ್, ತಜ್ಞರಿಗೆ ಹೆಚ್ಚೆಂದರೆ ಮೂರು ವರ್ಷ, ಟ್ರೈನಿಗಳಿಗೆ ಒಂದು ವರ್ಷ. ಗ್ರಾಹಕರ ಕಚೇರಿಗೆ ಹೋಗುವವರ ದಾರಿ ಬೇರೆ. ಮೀಟಿಂಗ್‌ಗೆಂದು ಕೊಟ್ಟ ಬಿಸಿನೆಸ್ ವೀಸಾದಲ್ಲಿ ಹೋಗಿ ಕೋಡ್ ಬರೆಯಲು ಕೂರುವುದು ಯಾವ ದೇಶದಲ್ಲೂ ಕ್ಷೇಮವಲ್ಲ. ಕಂಪನಿಗೆ ದಂಡ ಬಿದ್ದೀತು, ಆದರೆ ಮುಂದಿನ ವೀಸಾ ತಪ್ಪುವುದು ನೌಕರನಿಗೆ.

ಹೊರಡುವ ಮುಂಚೆ ಅನೇಕ ಕಂಪನಿಗಳು ಬಾಂಡ್ ಬರೆಸಿಕೊಳ್ಳುತ್ತವೆ. ವಾಪಸ್ ಬಂದು ಇಷ್ಟು ತಿಂಗಳು ಕೆಲಸ ಮಾಡಬೇಕು, ಇಲ್ಲವಾದರೆ ಇಷ್ಟು ಲಕ್ಷ ಕಟ್ಟಬೇಕು ಅಂತ. "ಬಾಂಡ್‌ಗೆ ಕಾನೂನಿನ ಬೆಲೆ ಇಲ್ಲ" ಅನ್ನುವ ಮಾತು ಕ್ಯಾಂಟೀನ್‌ಗಳಲ್ಲಿ ಓಡಾಡುತ್ತಿರುತ್ತದೆ. ಅದು ಪೂರ್ತಿ ಸರಿಯಲ್ಲ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವೊಂದು ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮೂರು ವರ್ಷ ತುಂಬುವ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಅನ್ನುವ ಷರತ್ತು ಅದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಒಪ್ಪಿತು. ಅದು ವಿದೇಶಿ ಪೋಸ್ಟಿಂಗ್‌ನ ಪ್ರಕರಣ ಅಲ್ಲ, ನಿಜ. ಆದರೆ ಬಾಂಡ್ ಅನ್ನುವ ಒಂದೇ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ ಅನ್ನುವುದು ಸ್ಪಷ್ಟವಾಯಿತು. ಮೊತ್ತ ಅತಿಯಾಗಿದ್ದರೆ ಪ್ರಶ್ನಿಸಬಹುದು. ಕರಾರು ಕಾಯ್ದೆ ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ.

ವಾಪಸ್ ಬಂದ ವರ್ಷ

ಬಂದ ಮೇಲೆ ಮೊದಲು ಕೇಳಿ ಪಡೆಯಬೇಕಾದ್ದು ಅಲ್ಲಿನ ಕೊನೆಯ ಪೇಸ್ಲಿಪ್, ವರ್ಷದ ತೆರಿಗೆ ಹೇಳಿಕೆ, ಸಿಒಸಿಯ ಪ್ರತಿ. ಕಂಪನಿ ಬದಲಿಸಿದ ಮೇಲೆ ಹಳೆಯ ಎಚ್‌ಆರ್‌ಗೆ ಫೋನ್ ಮಾಡಿ ಇವನ್ನೆಲ್ಲ ತರಿಸುವುದು ಕಷ್ಟ.

ಅಲ್ಲಿ ತೆರೆದ ಬ್ಯಾಂಕ್ ಖಾತೆಯನ್ನು ಎಷ್ಟೋ ಜನ ಮುಚ್ಚದೆ ಬರುತ್ತಾರೆ. ಮನೆಯ ಡಿಪಾಸಿಟ್ ಬರುವುದಿದೆ, ತೆರಿಗೆ ಮರುಪಾವತಿ ಬರುವುದಿದೆ ಅಂತ. ತಪ್ಪೇನಿಲ್ಲ. ಆದರೆ ಭಾರತದ ತೆರಿಗೆ ಲೆಕ್ಕದಲ್ಲಿ ನೀವು ಮತ್ತೆ ಪೂರ್ಣ ನಿವಾಸಿಯಾದ ವರ್ಷದಿಂದ ಅದನ್ನು ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು, ಅದರಲ್ಲಿ 50 ಯೂರೋ ಇದ್ದರೂ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. 2024ರ ಅಕ್ಟೋಬರ್‌ನಿಂದ ಒಂದು ಸಡಿಲಿಕೆ ಬಂದಿದೆ. ಮನೆ, ಜಮೀನು ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ರೂಪಾಯಿ ಮೀರದಿದ್ದರೆ ಆ ದಂಡ ಇಲ್ಲ. ತೋರಿಸುವ ಕರ್ತವ್ಯ ಮಾತ್ರ ಹಾಗೇ ಇದೆ. ಕಂಪನಿ ಕೊಟ್ಟ ವಿದೇಶಿ ಷೇರುಗಳಿದ್ದರೆ ಅವೂ ಇದೇ ಪಟ್ಟಿಗೆ ಸೇರುತ್ತವೆ.